ಬೆಳ್ಳಗಿರುವುದೆಲ್ಲ ಹಾಲಲ್ಲ

ಹೊರನಾಡಿನಲ್ಲಿ ಸಂಸಾರ ಹೂಡಿದವರಿಗೆ ಅಕ್ಕಿ, ಬೇಳೆ, ಕಾಫಿಪುಡಿಯ ಚಿಂತೆ ಅಷ್ಟಾಗಿ ಇರುವುದಿಲ್ಲ. ಸ್ವಲ್ಪ ಅಲೆದಾಡಿ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಎಲ್ಲವೂ ಸಿಗುತ್ತದೆ. ಎಷ್ಟು ಕೊಟ್ಟರೂ ಸಿಗದಿರುವುದು ಒಂದೇ, ಮನೆಯಲ್ಲೊಬ್ಬ ಅಜ್ಜಿ. ತಿಪಟೂರಿನಲ್ಲಿ ಬಾಣಂತನ ಮುಗಿಸಿಕೊಂಡು, ಮೂರು ತಿಂಗಳ ಕೂಸನ್ನು ಮಡಿಲಲ್ಲಿಟ್ಟುಕೊಂಡು ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಇಳಿದ ದಿನ ನಮಗೆ ಈ ಸತ್ಯ ಅರಿವಾಯಿತು. ಅದು 1981ನೆಯ ಇಸವಿ.

ನಮ್ಮವರಿಗೆ ಓಝರ್‌ನಲ್ಲಿರುವ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಮಿಗ್ ವಿಮಾನಗಳಿಗಾಗಿ ಹಿಂದೂಸ್ಥಾನ್ ಏರೋನಾಟಿಕ್ಸ್‌ನವರು 1964ರಲ್ಲಿ ಆರಂಭಿಸಿದ ಕಾರ್ಖಾನೆ ಅದು. ಬೆಂಗಳೂರಿನಿಂದ ವರ್ಗವಾಗಿ ಬಂದ ನಮ್ಮಂಥ ಕನ್ನಡದ ಸಂಸಾರಗಳು ಟೌನ್‌ಷಿಪ್ಪಿನಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಆದರೆ ಎಲ್ಲರೂ ನಮ್ಮ ಹಾಗೆ ಹೊಸ ಸಂಸಾರದವರೇ. ಎಡಮನೆಯ ಮರಾಠಿ ಮಾವಶಿ ಮಗುವಿಗೆ ಬಜೆ ತೇಯ್ದು ನೆಕ್ಕಿಸು ಎಂದರೆ, ಬಲಮನೆಯ ಮಲಯಾಳಿ ಚೇಚಿ ಏನನ್ನೂ ಕೊಡಬೇಡ ಎನ್ನುವರು. ನಮ್ಮವರು ಬೆಳಗಿನ ಪಾಳಿಗೆ ಹೋದರೆಂದರೆ ಮನೆಯಲ್ಲಿ ಅಳುವ ಕೂಸು ಒಂದು, ಅದಕ್ಕಿಂತ ಹೆಚ್ಚು ಅಳುವ ತಾಯಿ ಒಬ್ಬಳು. ಊರಿಗೆ ಬರೆದ ಕಾಗದಕ್ಕೆ ಉತ್ತರ ಬರುವಷ್ಟರಲ್ಲಿ ಮಗುವಿನ ನೆಗಡಿ ವಾಸಿಯಾಗಿ ಇನ್ನೊಂದು ನೆಗಡಿ ಬಂದಿರುತ್ತಿತ್ತು.

ಹಾಗಾಗಿ ನಾವು ಹನ್ನೆರಡು ರೂಪಾಯಿ ಕೊಟ್ಟು ಒಬ್ಬ ಅಜ್ಜಿಯನ್ನು ಕೊಂಡುಕೊಂಡೆವು! ನಾಸಿಕದ ಶಾಲಿಮಾರ್ ಚೌಕದ ಹತ್ತಿರ ಫುಟ್‌ಪಾತಿನ ಮೇಲೆ ಹರಡಿದ್ದ ಪುಸ್ತಕಗಳ ನಡುವೆ ಅದು ಸಿಕ್ಕಿತು. ಇಂಗ್ಲಿಷಿನ ಶಿಶುಪಾಲನೆಯ ಪುಸ್ತಕ. ರಕ್ಷಾಪುಟದ ಮೇಲೆ ಗುಂಡುಗುಂಡಾದ ಮಗು. ಹಿಂಬದಿಯಲ್ಲಿ ಬಿಳಿ ಕೋಟು ತೊಟ್ಟು ಕೊರಳಿಗೆ ಸ್ಟೆತಾಸ್ಕೋಪು ಹಾಕಿಕೊಂಡ ಲೇಖಕರ ಭಾವಚಿತ್ರ. ಅವರ ಹೆಸರಿನ ಮುಂದೆ ‘ಡಾಕ್ಟರ್’, ಹಿಂದೆ ರೈಲಿನ ಡಬ್ಬಿಗಳಂತೆ ಸಾಲುಸಾಲು ಅಕ್ಷರಗಳು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಈ ಪುಸ್ತಕದ ವೇಳಾಪಟ್ಟಿಯು ಐದುನೂರು ಶಿಶುಗಳ ಮೇಲೆ ನಡೆಸಿದ ಸಂಶೋಧನೆಯಿಂದ ಸಿದ್ಧವಾದದ್ದು. ಐದುನೂರು ಶಿಶುಗಳೆಂದರೆ ಸಾಮಾನ್ಯವೇ? ನಮ್ಮ ಅತ್ತೆಯವರು ಸಾಕಿದ್ದು ಐದನ್ನು ಮಾತ್ರ. ಲೆಕ್ಕದಲ್ಲಿ ಪುಸ್ತಕವೇ ಗೆದ್ದಿತು.

ಪುಸ್ತಕದ ಅಪ್ಪಣೆ ಸರಳವಾಗಿತ್ತು. ನಾಲ್ಕು ಗಂಟೆಗೊಮ್ಮೆ ಹಾಲು. ನಡುವೆ ಎಷ್ಟು ಅತ್ತರೂ ಎತ್ತಿಕೊಳ್ಳಕೂಡದು. ಮೂರು ತಿಂಗಳಾದ ಮೇಲೆ ತಾಯಿಯ ಹಾಲು ‘ನೀರಾಗುತ್ತದೆ’, ಆದ್ದರಿಂದ ಬಾಟ್ಲಿಯ ಹಾಲು ಶುರುಮಾಡಬೇಕು. ತಪ್ಪಿದರೆ? ಅದಕ್ಕೂ ಒಂದು ವಾಕ್ಯವಿತ್ತು. ಮಗು ಬೆಳೆಯದಿದ್ದರೆ ದೋಷ ಪದ್ಧತಿಯದಲ್ಲ, ತಾಯಿಯ ಶಿಸ್ತಿನದು. ನಾಲ್ಕು ಗಂಟೆಯ ಆ ನೇಮವನ್ನು ಲೋಕಕ್ಕೆಲ್ಲ ಹಬ್ಬಿಸಿದವರಲ್ಲಿ ಪ್ರಮುಖರು ನ್ಯೂಜಿಲೆಂಡಿನ ಟ್ರೂಬಿ ಕಿಂಗ್ ಎಂಬ ವೈದ್ಯರೆಂದು ಆಮೇಲೆ ಓದಿ ತಿಳಿದೆವು. ಅವರು ಮಾನಸಿಕ ರೋಗಿಗಳ ಆಸ್ಪತ್ರೆಯ ಮುಖ್ಯಸ್ಥರಾಗಿದ್ದಾಗ, ಅಲ್ಲಿನ ಹೊಲಮನೆಯ ಕರುಗಳಿಗೆ ಹಾಲುಣಿಸುವ ಕ್ರಮದಿಂದ ಆರಂಭಿಸಿ ಶಿಶುಗಳತ್ತ ಹೊರಳಿದವರು. ಆಗ ಇದೆಲ್ಲ ನಮಗೆಲ್ಲಿ ಗೊತ್ತಿತ್ತು! ಗೋಡೆ ಗಡಿಯಾರದ ಕೆಳಗೆ ಕುಳಿತು, ಕೂಸಿನ ಅಳು ಕೇಳುತ್ತಾ, ಮುಳ್ಳು ಯಾವಾಗ ಹತ್ತರ ಮೇಲೆ ಬಂದೀತೆಂದು ಕಾಯುತ್ತಿದ್ದೆವು.

ಎರಡು ತಿಂಗಳಲ್ಲಿ ಮಗು ಸೊರಗಿತು. ಆಮೇಲೆ ಭೇದಿ ಹತ್ತಿಕೊಂಡಿತು. ಕಣ್ಣು ಗುಳಿಬಿದ್ದು, ನೆತ್ತಿ ತಗ್ಗಾಗಿ, ಅಳಲೂ ಶಕ್ತಿಯಿಲ್ಲದಾದಾಗ ಟೌನ್‌ಷಿಪ್ಪಿನ ಆಸ್ಪತ್ರೆಗೆ ಎತ್ತಿಕೊಂಡು ಓಡಿದೆವು. ಅಲ್ಲಿ ನಾಲ್ಕು ದಿನ. ಅಲ್ಲಿನ ವೈದ್ಯರು ಬೈಯಲಿಲ್ಲ. ಬಾಟ್ಲಿ ಎಷ್ಟು ಹೊತ್ತು ಕುದಿಸುತ್ತೀರಿ, ಪುಡಿಗೆ ಎಷ್ಟು ನೀರು ಬೆರೆಸುತ್ತೀರಿ ಎಂದು ಕೇಳಿದರು. ದುಬಾರಿ ಪುಡಿ ತಿಂಗಳಿಡೀ ಬರಲೆಂದು ನಾವು ನೀರನ್ನು ಧಾರಾಳವಾಗಿ ಬೆರೆಸುತ್ತಿದ್ದೆವು. ಸಂಬಳದ ಸಂಸಾರಗಳ ಗುಟ್ಟು ಇದು. ಪುಸ್ತಕದ ಐದುನೂರು ಶಿಶುಗಳ ಮನೆಯಲ್ಲಿ ಈ ಪ್ರಶ್ನೆ ಹುಟ್ಟಿರಲಾರದು.

ಅವರು ನಮ್ಮ ಕೈಗೆ ಒಂದು ಪೊಟ್ಟಣ ಕೊಟ್ಟು, ಕುದಿಸಿ ಆರಿಸಿದ ನೀರಿನಲ್ಲಿ ಕದಡಿ ಚಮಚದಲ್ಲಿ ಕುಡಿಸುತ್ತಿರಿ ಎಂದರು. ಉಪ್ಪು, ಸಕ್ಕರೆಯಂಥದೇ ಪುಡಿ. ಇಷ್ಟರಿಂದ ಮಗು ಉಳಿಯುತ್ತದೆಯೇ ಎಂದು ನಾವು ಮುಖ ನೋಡಿದಾಗ ಅವರು ಒಂದು ಕಥೆ ಹೇಳಿದರು. 1971ರಲ್ಲಿ ಪೂರ್ವ ಬಂಗಾಳದಿಂದ ನಿರಾಶ್ರಿತರು ಬಂದು ತುಂಬಿದ್ದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನು ಮುಗಿದುಹೋಯಿತು. ಆಗ ಡಾ. ದಿಲೀಪ್ ಮಹಲನಬಿಸ್ ಎಂಬುವರು ಉಪ್ಪು, ಸೋಡ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ ಡ್ರಮ್ಮುಗಳಲ್ಲಿ ತುಂಬಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡ 30ರ ಹತ್ತಿರವಿದ್ದ ಸಾವು ಅವರ ಉಪಚಾರದಲ್ಲಿದ್ದವರಲ್ಲಿ ಶೇಕಡ 3.6ಕ್ಕೆ ಇಳಿಯಿತು. ‘ಎಷ್ಟು ಜನಕ್ಕೆ ಕೊಟ್ಟರು, ಎಷ್ಟು ಜನ ತೀರಿಕೊಂಡರು ಅನ್ನೋದನ್ನೂ ಬರೆದಿಟ್ಟರು. ಸತ್ತವರ ಲೆಕ್ಕವನ್ನೂ ಮುಚ್ಚಿಡಲಿಲ್ಲ ನೋಡಿ’ ಎಂದರು ಡಾಕ್ಟರು. ಆ ಕೊನೆಯ ಮಾತಿನ ಬೆಲೆ ನಮಗೆ ಅಂದು ತಿಳಿಯಲಿಲ್ಲ.

ಮಗು ಉಳಿಯಿತು. ಮನೆಗೆ ಹೊರಡುವ ದಿನ ನಮ್ಮ ಪುಸ್ತಕವನ್ನು ಡಾಕ್ಟರಿಗೆ ತೋರಿಸಿದೆವು. ಅವರು ಲೇಖಕರ ಹೆಸರಿನ ಹಿಂದಿನ ರೈಲುಗಾಡಿಯನ್ನು ಒಂದೊಂದೇ ಡಬ್ಬಿಯಾಗಿ ಓದಿ ನಕ್ಕರು. ಇವುಗಳಲ್ಲಿ ಒಂದೂ ವೈದ್ಯಕೀಯ ಕಾಲೇಜಿನ ಪದವಿಯಲ್ಲ. ಮನಿ ಆರ್ಡರ್ ಕಳಿಸಿದರೆ ಅಂಚೆಯಲ್ಲಿ ಬರುವ ಸರ್ಟಿಫಿಕೇಟುಗಳು ಎಂದರು. ನಮ್ಮವರಿಗೆ ರೋಷ ಬಂತು. ಐದುನೂರು ಶಿಶುಗಳ ಸಂಶೋಧನೆ ಯಾವ ಊರಿನ ಯಾವ ಆಸ್ಪತ್ರೆಯಲ್ಲಿ ನಡೆಯಿತೆಂದು ಕೇಳಿ ಪ್ರಕಾಶಕರಿಗೆ ರಿಜಿಸ್ಟರ್ಡ್ ಕಾಗದ ಬರೆದರು. ಒಂದು ತಿಂಗಳಿಗೆ ಉತ್ತರ ಬಂತು. ಬಿಚ್ಚಿ ನೋಡಿದರೆ ಒಂದು ಕ್ಯಾಟಲಾಗು! ಅದೇ ಲೇಖಕರ ಇನ್ನೂ ಆರು ಪುಸ್ತಕಗಳ ಪಟ್ಟಿ, ಜತೆಗೆ ವಿ.ಪಿ.ಪಿ.ಯ ಅರ್ಜಿ. ಅವುಗಳಲ್ಲಿ ಒಂದು ಸುಖದಾಂಪತ್ಯದ ಬಗ್ಗೆ, ಇನ್ನೊಂದು ಕೋಳಿಸಾಕಣೆಯ ಬಗ್ಗೆ.

ಅಷ್ಟರಲ್ಲಿ ತಾರು ತಲುಪಿ ಅತ್ತೆಯವರು ತಿಪಟೂರಿನಿಂದ ಬಂದಿಳಿದರು. ಮೊಮ್ಮಗಳನ್ನು ನೋಡಿ ಅವರು ಆಡಿದ್ದು ಒಂದೇ ಮಾತು: ‘ಏನಮ್ಮಾ ಇದು, ಮಗೂನ ಗಡಿಯಾರಕ್ಕೆ ಕಟ್ಟಿಹಾಕಿದ್ದೆಯಲ್ಲ!’

ಅಜ್ಜಿಯರೆಲ್ಲ ಸರ್ವಜ್ಞರೆಂದು ಹೇಳಲು ನಾವು ಈ ಕಥೆ ಹೇಳುತ್ತಿಲ್ಲ. ಹೆರಿಗೆಯಾದ ಮೊದಲೆರಡು ದಿನದ ಗಟ್ಟಿ ಹಾಲು ಕೆಟ್ಟದ್ದೆಂದು ಅದನ್ನು ಹಿಂಡಿ ಚೆಲ್ಲಿಸಿದವರು ಇದೇ ಅತ್ತೆಯವರು. ಆ ಹಾಲೇ ಮಗುವಿಗೆ ಮೊದಲ ರಕ್ಷೆಯೆಂದು ಆಸ್ಪತ್ರೆಯ ನರ್ಸು ತಿಳಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಾಗಾದ್ರೆ ಐದು ಮಕ್ಕಳಿಗೂ ತಪ್ಪು ಮಾಡಿದೆ ಅಂತಾಯ್ತು’ ಎಂದರು. ನಾಲ್ಕು ವರ್ಷದ ಮೇಲೆ ನಮ್ಮ ಮಗ ಹುಟ್ಟಿದಾಗ, ಮೊದಲ ಗಂಟೆಯಲ್ಲೇ ಕೂಸನ್ನು ಎದೆಗೆ ಹಚ್ಚಿಸಿದವರು ಕೂಡ ಅವರೇ. ಪುಸ್ತಕ ತನ್ನ ತಪ್ಪನ್ನು ತಾಯಿಯ ತಲೆಗೆ ಕಟ್ಟಿತು. ಅಜ್ಜಿ ತನ್ನ ತಪ್ಪನ್ನು ತಾನೇ ಹೊತ್ತುಕೊಂಡಳು. ನಮಗೆ ಆಗ ಕಂಡ ವ್ಯತ್ಯಾಸ ಇಷ್ಟೇ.

ಆ ಪುಸ್ತಕವನ್ನು ನಾವು ರದ್ದಿಗೆ ಹಾಕಲಿಲ್ಲ. ಮಗಳ ತೂಕದ ಕಾರ್ಡಿನ ಜತೆ ಟ್ರಂಕಿನ ತಳದಲ್ಲಿಟ್ಟೆವು. ಆ ಸಂಗತಿಯನ್ನು ಮಗಳಿಗೆ ಮಾತ್ರ ಹೇಳಲಿಲ್ಲ. ನಿನ್ನನ್ನು ಹಸಿವಿನಿಂದ ಅಳಿಸಿದೆವು ಎಂದು ಹೆತ್ತವರು ಯಾವ ಬಾಯಿಂದ ಹೇಳಿಯಾರು?

ಹೇಳಬೇಕಾಗಿ ಬಂದದ್ದು ಮೂವತ್ತನಾಲ್ಕು ವರ್ಷಗಳ ಮೇಲೆ, 2015ರ ಮೇ ತಿಂಗಳಲ್ಲಿ. ಮಗಳನ್ನು ಕೊಟ್ಟದ್ದು ಔರಂಗಾಬಾದಿಗೆ. 2023ರಿಂದ ಆ ಊರು ಛತ್ರಪತಿ ಸಂಭಾಜಿನಗರ. ಅಳಿಯಂದಿರಿಗೆ ವಾಳೂಜಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಸಿಡ್ಕೊದಲ್ಲಿ ಮನೆ. ಶಾಲೆಗೆ ರಜೆ ಬಿಟ್ಟಿದ್ದರಿಂದ ನಾವು ನಾಸಿಕದಿಂದ ಎಸ್.ಟಿ. ಬಸ್ಸಿನಲ್ಲಿ ಯೇವಲೆ, ವೈಜಾಪುರದ ಮೇಲೆ ಬಿಸಿಲಿನಲ್ಲಿ ಬೆಂದು ಹೋಗಿ ತಲುಪಿದೆವು. ಬಾಗಿಲಲ್ಲೇ ಮಗಳು ಸಂಭ್ರಮದಿಂದ, ‘ಅಮ್ಮಾ, ಸಾಯಂಕಾಲ ನಿಮ್ಮ ಮೊಮ್ಮಗನ ಚಮತ್ಕಾರ ನೋಡಿ’ ಎಂದಳು.

ಸಾಯಂಕಾಲ ಅಕ್ಕಪಕ್ಕದವರೆಲ್ಲ ಸೇರಿದರು. ಎಂಟು ವರ್ಷದ ಪುಟ್ಟನ ಕಣ್ಣಿಗೆ ದಪ್ಪನೆಯ ಕಪ್ಪು ಪಟ್ಟಿ ಕಟ್ಟಿದರು. ಅವನು ಇಸ್ಪೀಟೆಲೆಯ ಬಣ್ಣ ಹೇಳಿದ, ನೋಟಿನ ಮೇಲಿನ ಸಂಖ್ಯೆ ಓದಿದ, ಮರಾಠಿ ಪಾಠಪುಸ್ತಕದ ಎರಡು ಸಾಲನ್ನೂ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆಯ ಮೇಲೆ ಬಂಗಾರದ ಮೊಹರಿನ ಸರ್ಟಿಫಿಕೇಟು. ಮೇಜಿನ ಮೇಲೆ ನುಣುಪು ಕಾಗದದ ಪುಸ್ತಿಕೆ. ಎರಡು ದಿನದ ತರಬೇತಿಯಿಂದ ಮಗುವಿನ ‘ಮಧ್ಯ ಮೆದುಳು’ ಜಾಗೃತವಾಗುತ್ತದೆ; ಇದು ಜಪಾನಿನ ಸಂಶೋಧನೆ; ಸಾವಿರಾರು ಮಕ್ಕಳ ಮೇಲೆ ಸಿದ್ಧವಾಗಿದೆ; ಸ್ಮರಣಶಕ್ತಿ ಇಮ್ಮಡಿಯಾಗುತ್ತದೆ. ಹಿಂಬದಿಯಲ್ಲಿ ಕೋಟು, ಟೈ ಧರಿಸಿದ ಒಬ್ಬರ ಭಾವಚಿತ್ರ. ಹೆಸರಿನ ಮುಂದೆ ‘ಡಾಕ್ಟರ್’, ಹಿಂದೆ ಅಕ್ಷರಗಳ ರೈಲುಗಾಡಿ! ನಮ್ಮವರು ನಮ್ಮ ಮುಖ ನೋಡಿದರು, ನಾವು ಅವರ ಮುಖ ನೋಡಿದೆವು. ಶುಲ್ಕ ಎಷ್ಟೆಂದು ಕೇಳಿದರೆ ಅಳಿಯಂದಿರು ಮೆಲ್ಲಗೆ, ‘ಇಪ್ಪತ್ತೆರಡು ಸಾವಿರ’ ಎಂದರು.

ರಾತ್ರಿ ತಾರಸಿಯ ಮೇಲೆ ಪುಟ್ಟ ನಮ್ಮ ಮಗ್ಗುಲಲ್ಲೇ ಮಲಗಿದ. ಬಹಳ ಹೊತ್ತು ಹೊರಳಾಡಿದ ಮೇಲೆ ಪಿಸುಗುಟ್ಟಿದ.

‘ಅಜ್ಜಿ, ನಿಂಗೊಬ್ಬಳಿಗೇ ಹೇಳ್ತೀನಿ. ಮೂಗಿನ ಪಕ್ಕ ಸಂದಿ ಇರುತ್ತೆ. ಅಲ್ಲಿಂದ ಕಾಣುತ್ತೆ.’

‘ಮತ್ತೆ ಅಮ್ಮಂಗೆ ಯಾಕೋ ಹೇಳಲಿಲ್ಲ?’

‘ಅಪ್ಪ ಅಷ್ಟೊಂದು ದುಡ್ಡು ಕೊಟ್ಟಿದಾರೆ. ಕ್ಲಾಸಲ್ಲಿ ಎಲ್ಲರಿಗೂ ನಿಜವಾಗ್ಲೂ ಬಂತು. ನಂಗೊಬ್ಬನಿಗೇ ಬರಲಿಲ್ಲ.’

ಕಣ್ಣಾಮುಚ್ಚಾಲೆ ಆಡಿದ ಮಕ್ಕಳಿಗೆಲ್ಲ ಗೊತ್ತಿರುವ ಸಂದಿ ಅದು. ಕೂಸಿನ ಕಳ್ಳತನಕ್ಕೆ ನಮಗೆ ನಗು ಬರಬೇಕಾಗಿತ್ತು. ಬರಲಿಲ್ಲ. ಆ ಕೋಣೆಯಲ್ಲಿ ಕುಳಿತಿದ್ದ ಪ್ರತಿಯೊಂದು ಮಗುವೂ ಉಳಿದವರಿಗೆಲ್ಲ ಬಂದಿದೆ, ತನಗೊಬ್ಬನಿಗೇ ಬಂದಿಲ್ಲ ಎಂದುಕೊಂಡು, ಅಪ್ಪನ ದುಡ್ಡು ಉಳಿಸಲು ಸುಳ್ಳು ಹೇಳಿರಬೇಕು. ಮೂರು ವಾರ ಈ ಭಾರವನ್ನು ಎಂಟು ವರ್ಷದ ಹುಡುಗ ಹೊತ್ತು ತಿರುಗಿದ್ದ. ಇಪ್ಪತ್ತೆರಡು ಸಾವಿರ ಹೋದರೆ ಹೋಯಿತು. ಹೆತ್ತವರ ಮುಂದೆ ನಿಜ ಹೇಳುವ ಧೈರ್ಯವನ್ನು ಮಗುವಿನಿಂದ ಕಸಿದುಕೊಂಡರಲ್ಲ, ಅದಕ್ಕೆ ಬೆಲೆ ಕಟ್ಟುವವರು ಯಾರು?

ಬೆಳಗ್ಗೆ ಪುಟ್ಟ ಆಡಲು ಹೋದಾಗ ಮಗಳನ್ನು ಕೂರಿಸಿಕೊಂಡು, ಅವನ ಗುಟ್ಟಿಗಿಂತ ಮೊದಲು ನಮ್ಮ ಗುಟ್ಟನ್ನು ಹೇಳಿದೆವು. ಹನ್ನೆರಡು ರೂಪಾಯಿಯ ಪುಸ್ತಕ, ಗೋಡೆ ಗಡಿಯಾರ, ನೀರು ಬೆರೆಸಿದ ಹಾಲು, ಆಸ್ಪತ್ರೆಯ ನಾಲ್ಕು ದಿನ, ಎಲ್ಲವನ್ನೂ. ಅವಳು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ನಮ್ಮ ಕೈ ಹಿಡಿದು, ‘ನಿಮಗೂ ಆಗ ಹೇಳೋರು ಯಾರೂ ಇರಲಿಲ್ಲ ಅಲ್ವೇನಮ್ಮ’ ಎಂದಳು. ಮಧ್ಯಾಹ್ನ ಮಗನನ್ನು ಕರೆದು ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿ, ‘ನೀನು ಕಣ್ಣು ಬಿಟ್ಟುಕೊಂಡೇ ಓದಿದರೆ ಸಾಕು ಕಂದ’ ಎಂದಳು. ಅವನು ಅವಳ ಮಡಿಲಲ್ಲಿ ಮುಖವಿಟ್ಟು ಅತ್ತದ್ದು ನಾವು ಮರೆಯುವಂಥದಲ್ಲ. ಅಳಿಯಂದಿರು ಹೋಗಿ ತರಗತಿಯವರನ್ನು ವಿಚಾರಿಸಿದರು. ಸಿಕ್ಕ ಉತ್ತರ: ‘ವಿಧಾನದಲ್ಲಿ ದೋಷವಿಲ್ಲ, ನಿಮ್ಮ ಮಗನ ಏಕಾಗ್ರತೆ ಸಾಲದು.’ 1981ರ ಪುಸ್ತಕದ್ದೇ ವಾಕ್ಯ! ತಾಯಿಯ ಬದಲು ಮಗು, ಅಷ್ಟೇ ವ್ಯತ್ಯಾಸ.

ಈ ಕಣ್ಕಟ್ಟನ್ನು ಬಯಲಿಗೆಳೆದವರಲ್ಲಿ ನಮ್ಮ ಕನ್ನಡನಾಡಿನವರೇ ಒಬ್ಬರು ಮುಖ್ಯರೆಂದು ಆಮೇಲೆ ತಿಳಿದು ಹೆಮ್ಮೆಯಾಯಿತು. ಮಂಗಳೂರಿನ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಕಲಿಸಿದ್ದ ನರೇಂದ್ರ ನಾಯಕರು ಊರೂರು ತಿರುಗಿ, ಮೂಗಿನ ಪಕ್ಕದ ಸಂದಿಯೇ ಇದರ ಗುಟ್ಟೆಂದೂ ಅದನ್ನು ಪೂರ್ತಿಯಾಗಿ ಮುಚ್ಚಿದರೆ ಯಾವ ಮಗುವೂ ಓದಲಾರದೆಂದೂ ತೋರಿಸಿಕೊಟ್ಟರು. ಇತ್ತ ಮಹಾರಾಷ್ಟ್ರದಲ್ಲಿ, ಡಾ. ನರೇಂದ್ರ ದಾಭೋಲ್ಕರರು 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿಯವರೂ ಇಂಥ ತರಗತಿಗಳನ್ನು ವಿರೋಧಿಸಿದರು. ಮಧ್ಯ ಮೆದುಳು ಎಂಬುದು ಇದೆ, ನಿಜ. ಆದರೆ ಅದನ್ನು ಯಾರೂ ಎಬ್ಬಿಸಬೇಕಾಗಿಲ್ಲ. ಕಣ್ಣುಗುಡ್ಡೆ ಹೊರಳುವುದಕ್ಕೂ ಬೆಳಕಿಗೆ ಪಾಪೆ ಕಿರಿದಾಗುವುದಕ್ಕೂ ಅದೇ ಬೇಕು. ಹುಟ್ಟಿದಂದಿನಿಂದ ಎಲ್ಲರಲ್ಲೂ ಅದು ಎದ್ದೇ ಇರುತ್ತದೆ.

ಅದೇ ಪುಸ್ತಿಕೆಯಲ್ಲಿ ಬೆರಳಚ್ಚು ನೋಡಿ ಮಗುವಿನ ಬುದ್ಧಿಯ ಬಗೆ ಹೇಳುವ ಇನ್ನೊಂದು ಪರೀಕ್ಷೆಯ ಜಾಹೀರಾತೂ ಇತ್ತು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊವರ್ಡ್ ಗಾರ್ಡ್‌ನರ್ 1983ರಲ್ಲಿ ಮಂಡಿಸಿದ ‘ಬಹುವಿಧ ಬುದ್ಧಿ’ಯ ಸಿದ್ಧಾಂತವನ್ನು ಈ ವ್ಯಾಪಾರಿಗಳು ಆಸರೆ ಮಾಡಿಕೊಂಡಿದ್ದರು. ತಾವು ಇಂಥ ಪರೀಕ್ಷೆಯನ್ನು ಒಪ್ಪುವುದಿಲ್ಲವೆಂದು ಗಾರ್ಡ್‌ನರ್ ಅವರೇ ಹೇಳಿದ್ದಾರೆ. ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೂ ಹೇಳಿದೆ. ದೊಡ್ಡವರ ಹೆಸರಿನ ನೆರಳಿನಲ್ಲಿ ಅಂಗಡಿ ಇಡುವುದಕ್ಕೆ ಬಾಡಿಗೆ ಬೇಡವಲ್ಲ!

ಇಷ್ಟು ಹೊತ್ತೂ ನಾವು ಹೇಳಿದ್ದು ಸುಳ್ಳು ಪದವಿಗಳ ಮಾತು. ಪದವಿ ನಿಜವಾಗಿದ್ದರೆ ನಂಬಬಹುದೇ? ನಾವೂ ಹಾಗೆಂದುಕೊಂಡಿದ್ದೆವು. ಆದರೆ ಅದೇ 2015ರ ಕೊನೆಯ ವೇಳೆಗೆ ಕೆನಡಾದ ಒಂದು ಸುದ್ದಿ ಓದಿ ಆ ನೆಮ್ಮದಿಯೂ ಹೋಯಿತು. ಭಾರತದಲ್ಲೇ ವೈದ್ಯಕೀಯ ಓದಿ, ನ್ಯೂಫೌಂಡ್‌ಲೆಂಡಿನ ಮೆಮೋರಿಯಲ್ ವಿಶ್ವವಿದ್ಯಾಲಯದಲ್ಲಿ ಹೆಸರು ಮಾಡಿದ ಡಾ. ರಂಜಿತ್ ಕುಮಾರ್ ಚಂದ್ರ ಎಂಬುವರು ಶಿಶುಗಳ ಪೋಷಣೆಯಲ್ಲಿ ಲೋಕಪ್ರಸಿದ್ಧರು. ಕೆಲವು ಬಗೆಯ ಡಬ್ಬಿ ಹಾಲಿನಿಂದ ಮಕ್ಕಳಿಗೆ ಬರುವ ಇಸುಬು ಕಡಿಮೆಯಾಗುತ್ತದೆಂದು ಅವರು 1989ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದಿದ್ದರು. ಅವರ ಸಂಶೋಧನೆಗೆಂದು ಶಿಶುಗಳನ್ನು ಹುಡುಕಿ ಕೊಡಬೇಕಾದ ಕೆಲಸ ಮೆರಿಲಿನ್ ಹಾರ್ವೆ ಎಂಬ ನರ್ಸಿನದು. ಹುಟ್ಟುವ ಮಗುವಿನ ತಂದೆತಾಯಿಗೆ ಅಲರ್ಜಿ ಇರಬೇಕು, ಅವರು ಒಪ್ಪಬೇಕು. ಅಂಥ ಮನೆಗಳು ಸುಲಭವಾಗಿ ಸಿಗುತ್ತಿರಲಿಲ್ಲ. ಆಕೆ ಇನ್ನೂ ಹುಡುಕುತ್ತಲೇ ಇರುವಾಗ, ನೂರಾರು ಶಿಶುಗಳ ಫಲಿತಾಂಶ ಅಚ್ಚಾಗಿ ಬಂದುಬಿಟ್ಟಿತು! ಯಾವ ಶಿಶುಗಳು? ಯಾರ ಮನೆಯವು?

ಆಕೆ ಧೈರ್ಯ ಮಾಡಿ ದೂರು ಕೊಟ್ಟಳು. ತಪ್ಪು ನಡೆದಿದೆಯೆಂದು ವಿಶ್ವವಿದ್ಯಾಲಯದ ಸಮಿತಿ 1995ರಲ್ಲಿ ಹೇಳಿತು. ಆದರೂ ವಿಷಯ ಹೊರಗೆ ಬರಲಿಲ್ಲ. ಕೆನಡಾದ ದೂರದರ್ಶನ ಸಂಸ್ಥೆ ಸಿ.ಬಿ.ಸಿ. 2006ರಲ್ಲಿ ಬಯಲು ಮಾಡಿದ ಮೇಲಷ್ಟೇ ಲೋಕಕ್ಕೆ ತಿಳಿಯಿತು. ಅವರ ಇನ್ನೊಂದು ಸಂಶೋಧನೆಯನ್ನು ಸಮರ್ಥಿಸಿ ‘ಅಮೃತ್ ಜೈನ್’ ಎಂಬ ಹೆಸರಿನಲ್ಲಿ ಒಂದು ಲೇಖನ ಬಂದಿತ್ತು; ಆ ಹೆಸರಿನ ಸಂಶೋಧಕ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಚಂದ್ರ ಅವರು ಮಾನನಷ್ಟದ ಮೊಕದ್ದಮೆ ಹೂಡಿ 2015ರಲ್ಲಿ ಸೋತರು. ಅದೇ ವರ್ಷ ಪತ್ರಿಕೆ ಆ ಹಳೆಯ ಲೇಖನವನ್ನು ಹಿಂದಕ್ಕೆ ಪಡೆಯಿತು; ದೇಶ ಕೊಟ್ಟಿದ್ದ ಗೌರವವೂ ಹೋಯಿತು. ನಡುವೆ ಕಳೆದದ್ದು ಇಪ್ಪತ್ತಾರು ವರ್ಷ. ಅಷ್ಟು ವರ್ಷ ಆ ಲೇಖನ ನಂಬಿದ ವೈದ್ಯರೆಷ್ಟೋ, ಅವರನ್ನು ನಂಬಿ ದುಬಾರಿ ಡಬ್ಬಿ ಕೊಂಡ ತಾಯಂದಿರೆಷ್ಟೋ!

ಡಬ್ಬಿ ಹಾಲಿನ ಚರಿತ್ರೆಯಲ್ಲಿ ವೇಷ ಹೊಸದೇನೂ ಅಲ್ಲ. ಬಡ ದೇಶಗಳ ಆಸ್ಪತ್ರೆಗಳಲ್ಲಿ ಕಂಪನಿಗಳ ಮಾರಾಟದ ಹೆಂಗಸರು ನರ್ಸುಗಳ ಸಮವಸ್ತ್ರ ತೊಟ್ಟು ಬಾಣಂತಿಯರಿಗೆ ಪುಡಿ ಹಂಚುತ್ತಿದ್ದುದನ್ನು 1974ರಲ್ಲಿ ಬ್ರಿಟನ್ನಿನ ‘ವಾರ್ ಆನ್ ವಾಂಟ್’ ಸಂಸ್ಥೆಯ ವರದಿ ಹೊರಗೆಡವಿತು. ವಿಶ್ವ ಆರೋಗ್ಯ ಸಂಸ್ಥೆ ಈ ಮಾರಾಟಕ್ಕೆ ನಿಯಮಾವಳಿ ಒಪ್ಪಿದ್ದು 1981ರಲ್ಲಿ, ನಾವು ಗಡಿಯಾರದ ಕೆಳಗೆ ಕುಳಿತಿದ್ದ ಅದೇ ವರ್ಷ. ನಮ್ಮ ದೇಶದಲ್ಲಿ 1992ರ ಕಾಯಿದೆ ಬಂದು ಶಿಶುಹಾಲಿನ ಜಾಹೀರಾತನ್ನೇ ನಿಷೇಧಿಸಿತು. ಡಬ್ಬಿಯ ಮೇಲೆ ಮಗುವಿನ ಚಿತ್ರವನ್ನೂ ಹಾಕುವಂತಿಲ್ಲ. ಡಬ್ಬಿಗೆ ಕಾನೂನು ಬಂತು. ಪುಸ್ತಕದ ರಕ್ಷಾಪುಟದ ಗುಂಡು ಮಗುವಿಗೆ ಕಾನೂನಿಲ್ಲ. ಅಲ್ಲಿ ಕೊಳ್ಳುವವರೇ ಕಾವಲುಗಾರರಾಗಬೇಕು.

ಈಗ ನಮ್ಮ ಮಗ ಸೊಸೆ ಪುಣೆಯಲ್ಲಿದ್ದಾರೆ. ಸೊಸೆಗೆ ಏಳು ತಿಂಗಳು. ಮೊನ್ನೆ ಫೋನಿನಲ್ಲಿ ಕೇಳಿದಳು: ‘ಅತ್ತೆ, ಮಗು ಸಾಕೋದರ ಬಗ್ಗೆ ಯಾವ ಪುಸ್ತಕ ಓದಲಿ?’ ಓದಬೇಡ ಎನ್ನಲಿಲ್ಲ. ಓದು, ಆದರೆ ಮೂರು ಪ್ರಶ್ನೆ ಕೇಳಿಕೊಂಡು ಓದು ಎಂದೆವು. ಬರೆದವರ ಪದವಿ ಯಾವ ಕಾಲೇಜಿನದು, ಅದನ್ನು ಬೇರೆಯವರು ವಿಚಾರಿಸಿ ನೋಡಬಹುದೇ? ‘ಸಂಶೋಧನೆಯಲ್ಲಿ ಸಿದ್ಧವಾಗಿದೆ’ ಎಂದಿದ್ದರೆ ಆ ಮಕ್ಕಳು ಎಲ್ಲಿಯವರು, ಎಷ್ಟು ಜನ, ಗುಣವಾಗದವರ ಲೆಕ್ಕವೂ ಇದೆಯೇ? ಹೇಳಿದಂತೆ ಆಗದಿದ್ದರೆ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ? ಮೂರನೆಯದಕ್ಕೆ ‘ನಿನ್ನ ತಲೆಗೆ’ ಎಂಬ ಉತ್ತರ ಬಂದರೆ ಪುಸ್ತಕ ಮುಚ್ಚಿಡು. ಸಂದೇಹ ಬಂದರೆ ಮಗುವನ್ನು ಮುಟ್ಟಿ ನೋಡುವ ಡಾಕ್ಟರನ್ನು ಕೇಳು. ಅಜ್ಜಿಯನ್ನೂ ಕೇಳು, ಆದರೆ ಅಜ್ಜಿಯನ್ನೂ ಪರೀಕ್ಷಿಸು.

ಬಾಣಂತನಕ್ಕೆ ಹೊರಡಲು ಟ್ರಂಕು ಬಿಚ್ಚಿ ಸಾಮಾನು ಜೋಡಿಸುತ್ತಿದ್ದೇವೆ. ತಳದಲ್ಲಿ ಆ ಪುಸ್ತಕ ಹಾಗೇ ಇದೆ. ಬಿಳಿ ಕೋಟಿನವರು ಈಗಲೂ ನಗುತ್ತಿದ್ದಾರೆ. ಅದನ್ನು ಅಲ್ಲೇ ಬಿಟ್ಟು, ಪಕ್ಕದಲ್ಲಿದ್ದ ಮಗಳ ತೂಕದ ಕಾರ್ಡನ್ನು ಮಾತ್ರ ಚೀಲದಲ್ಲಿಟ್ಟುಕೊಂಡೆವು. ಆಸ್ಪತ್ರೆಯ ನರ್ಸು ತಿಂಗಳು ತಿಂಗಳು ಮಸಿಯಲ್ಲಿ ಗುರುತು ಹಾಕಿದ ಹಳದಿ ಬಣ್ಣದ ಕಾರ್ಡು ಅದು. ಐದನೆಯ ತಿಂಗಳಲ್ಲಿ ಗೆರೆ ಇಳಿದಿದೆ. ಏಳನೆಯ ತಿಂಗಳಿನಿಂದ ಮತ್ತೆ ಏರಿದೆ. ಐದುನೂರಲ್ಲ, ಒಂದೇ ಒಂದು ಮಗುವಿನ ಲೆಕ್ಕ. ಆದರೆ ಆ ಮಗು ಇದೆ. ನಿನ್ನೆ ತಾನೇ ಸಂಭಾಜಿನಗರದಿಂದ ಫೋನು ಮಾಡಿ, ‘ಅಮ್ಮಾ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ್ಕೊಳ್ಳಿ, ನೀರು ಕುಡೀತಾ ಇರಿ’ ಎಂದು ನಮಗೇ ಬುದ್ಧಿ ಹೇಳಿತು.